ಸ್ನಿಗ್ಧತೆಯೇ ಇಲ್ಲದ ಹೀಲಿಯಂನಲ್ಲಿ ಪ್ರಕ್ಷುಬ್ಧತೆ ಹೇಗೆ ಹುಟ್ಟುತ್ತದೆ, ಹೇಗೆ ಅಡಗುತ್ತದೆ?

ಪ್ರಶ್ನೆ: ನಾನು ಭೌತವಿಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿನಿ. 2.17 ಕೆಲ್ವಿನ್‌ಗಿಂತ ಕೆಳಗೆ ದ್ರವ ಹೀಲಿಯಂಗೆ ಸ್ನಿಗ್ಧತೆ (ಹರಿವಿಗೆ ದ್ರವದೊಳಗಿನ ತಡೆ) ಇರುವುದಿಲ್ಲವೆಂದು ಪಠ್ಯಪುಸ್ತಕ ಹೇಳುತ್ತದೆ. ಅದೇ ಹೀಲಿಯಂನಲ್ಲಿ ‘ಕ್ವಾಂಟಂ ಪ್ರಕ್ಷುಬ್ಧತೆ’ಯನ್ನು, ಅಂದರೆ ಸುಳಿಗಳಿಂದ ಕದಡಿದ ಹರಿವನ್ನು, ಅಧ್ಯಯನ ಮಾಡುತ್ತಾರೆಂದೂ ಓದಿದ್ದೇನೆ. ಹರಿವು ಶಾಂತವೋ ಪ್ರಕ್ಷುಬ್ಧವೋ ಎಂದು ಸೂಚಿಸುವ ರೆನಾಲ್ಡ್ಸ್ ಸಂಖ್ಯೆಯ ಛೇದದಲ್ಲಿರುವ ಸ್ನಿಗ್ಧತೆಯೇ ಸೊನ್ನೆಯಾದರೆ ಆ ಸಂಖ್ಯೆಗೆ ಏನು ಅರ್ಥ? ಸುಳಿಗಳ ಶಕ್ತಿ ಕೊನೆಗೆ ಸ್ನಿಗ್ಧತೆಯಿಂದಲೇ ಶಾಖವಾಗುವುದಾದರೆ, ಅದು ಇಲ್ಲದ ದ್ರವದಲ್ಲಿ ಒಮ್ಮೆ ಎದ್ದ ಪ್ರಕ್ಷುಬ್ಧತೆ ಎಂದಿಗೂ ಅಡಗಬಾರದಲ್ಲವೇ? ಇವೆಲ್ಲವನ್ನು ಯಾರಾದರೂ ಕಣ್ಣಾರೆ ಕಂಡಿದ್ದಾರೆಯೇ?

ಉತ್ತರ: ನಿಮ್ಮ ತರ್ಕದಲ್ಲಿ ದೋಷವಿಲ್ಲ, ಅದಕ್ಕೆ ಆಧಾರವಾದ ಪಠ್ಯಪುಸ್ತಕದ ವಾಕ್ಯ ಮಾತ್ರ ಅರ್ಧ ನಿಜ. ಆದ್ದರಿಂದ ಮೊದಲು ಆ ವಾಕ್ಯವನ್ನು ಸರಿಪಡಿಸಿಕೊಂಡು, ಬಳಿಕ ನಿಮ್ಮ ಮೂರು ಪ್ರಶ್ನೆಗಳಿಗೆ ಬರೋಣ.

1938ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಎರಡು ಕಿರುಲೇಖನಗಳು ಒಟ್ಟಿಗೆ ಪ್ರಕಟವಾದವು. ಒಂದು ಮಾಸ್ಕೋದ ಪ್ಯೋತರ್ ಕಪಿತ್ಸಾ ಅವರದು, ಇನ್ನೊಂದು ಕೇಂಬ್ರಿಜ್‌ನ ಜಾನ್ ಆಲನ್ ಮತ್ತು ಡೊನಾಲ್ಡ್ ಮೈಸ್ನರ್ ಅವರದು. ಅತಿ ಕಿರಿದಾದ ಸಂದುಗಳಲ್ಲಿಯೂ ಲೋಮನಾಳಗಳಲ್ಲಿಯೂ ತಣ್ಣಗಿನ ಹೀಲಿಯಂ ತಡೆಯೇ ಇಲ್ಲದಂತೆ ಹರಿಯುತ್ತದೆಂದು ಎರಡೂ ಲೇಖನಗಳು ತೋರಿಸಿದವು; ‘ಸೂಪರ್‌ಫ್ಲೂಯಿಡ್’ ಎಂಬ ಹೆಸರು ಕೊಟ್ಟವರು ಕಪಿತ್ಸಾ. ಆದರೆ ಅದೇ ದ್ರವದಲ್ಲಿ ಒಂದು ಬಿಲ್ಲೆಯನ್ನು ತೂಗುಬಿಟ್ಟು ಅತ್ತಿತ್ತ ತಿರುಗಿಸಿ ಅಳೆದವರಿಗೆ ಸ್ಪಷ್ಟವಾದ, ಸೊನ್ನೆಯಲ್ಲದ ಸ್ನಿಗ್ಧತೆ ಸಿಕ್ಕಿತು. ಒಂದೇ ದ್ರವಕ್ಕೆ, ಒಂದೇ ತಾಪಮಾನದಲ್ಲಿ, ಅಳೆಯುವ ವಿಧಾನ ಬದಲಾದರೆ ಉತ್ತರವೂ ಬದಲಾಗುತ್ತಿತ್ತು. ಈ ವಿರೋಧವನ್ನು ಬಿಡಿಸಲು ಹೊರಟ ಲಾಸ್ಲೋ ಟಿಸಾ 1938ರಲ್ಲಿಯೂ, ಬೇರೆ ದಾರಿಯಿಂದ ಲೆವ್ ಲಾಂಡೌ 1941ರಲ್ಲಿಯೂ ಮುಂದಿಟ್ಟದ್ದೇ ಎರಡು ಘಟಕಗಳ ಮಾದರಿ. ಅದರ ಪ್ರಕಾರ ಈ ಹೀಲಿಯಂ, ಸ್ನಿಗ್ಧತೆಯುಳ್ಳ ಮತ್ತು ಎಲ್ಲ ಎಂಟ್ರಪಿಯನ್ನೂ (ಶಾಖದೊಂದಿಗೆ ಬರುವ ಅವ್ಯವಸ್ಥೆಯ ಅಳತೆ) ಹೊತ್ತಿರುವ ಒಂದು ಸಾಮಾನ್ಯ ಘಟಕವೂ, ಸ್ನಿಗ್ಧತೆಯಾಗಲಿ ಎಂಟ್ರಪಿಯಾಗಲಿ ಇಲ್ಲದ ಒಂದು ಸೂಪರ್‌ಫ್ಲೂಯಿಡ್ ಘಟಕವೂ ಒಂದರೊಳಗೊಂದು ಬೆರೆತು, ಬೇರೆಬೇರೆ ವೇಗದಲ್ಲಿ ಚಲಿಸಬಲ್ಲ ದ್ರವದಂತೆ ವರ್ತಿಸುತ್ತದೆ. ಕಿರಿದಾದ ಸಂದಿನಲ್ಲಿ ಸಾಮಾನ್ಯ ಘಟಕ ಗೋಡೆಗೆ ಅಂಟಿ ನಿಲ್ಲುತ್ತದೆ, ಇನ್ನೊಂದು ನುಸುಳಿಹೋಗುತ್ತದೆ. ತೂಗುವ ಬಿಲ್ಲೆಗಾದರೋ ಸಾಮಾನ್ಯ ಘಟಕದ ಎಳೆತ ತಪ್ಪುವುದಿಲ್ಲ. ಲಾಂಬ್ಡಾ ಬಿಂದುವೆಂದು ಕರೆಯುವ 2.17 ಕೆಲ್ವಿನ್‌ನಲ್ಲಿ ಸೂಪರ್‌ಫ್ಲೂಯಿಡ್ ಪಾಲು ಸೊನ್ನೆಯಿಂದ ಆರಂಭವಾಗುತ್ತದೆ, ಸುಮಾರು 1.95 ಕೆಲ್ವಿನ್ ಹೊತ್ತಿಗೆ ಎರಡೂ ಸರಿಸಮವಾಗುತ್ತವೆ, 1 ಕೆಲ್ವಿನ್‌ನಲ್ಲಿ ಸಾಮಾನ್ಯ ಘಟಕ ಶೇಕಡಾ 1ಕ್ಕಿಂತ ಕಡಿಮೆಗೆ ಇಳಿದಿರುತ್ತದೆ. ಹಾಗಾಗಿ 2 ಕೆಲ್ವಿನ್‌ನ ಹೀಲಿಯಂ ಬಗ್ಗೆ ‘ಸ್ನಿಗ್ಧತೆ ಇಲ್ಲ’ ಎಂದು ಬರೆಯುವುದು ಸಡಿಲವಾದ ಮಾತು; 0.3 ಕೆಲ್ವಿನ್‌ನ ಹೀಲಿಯಂ ಬಗ್ಗೆ ಬರೆದರೆ ಆಕ್ಷೇಪಿಸಲು ಹೆಚ್ಚೇನೂ ಉಳಿಯುವುದಿಲ್ಲ.

ಈ ತಿದ್ದುಪಡಿಯಿಂದಲೂ ನಿಮ್ಮ ಪ್ರಶ್ನೆ ಕರಗುವುದಿಲ್ಲ. ಸ್ನಿಗ್ಧತೆಯಿಲ್ಲದ ಘಟಕದಲ್ಲಿ ಸುಳಿ ಎಂಬುದು ಹೇಗಾದರೂ ಸಾಧ್ಯವೇ ಎಂಬುದು ತಿರುಳಿನ ಸಂಗತಿ. ಇಲ್ಲಿ ಕ್ವಾಂಟಂ ಯಂತ್ರವಿಜ್ಞಾನ ನೇರವಾಗಿ ಪ್ರವೇಶಿಸುತ್ತದೆ. ಸೂಪರ್‌ಫ್ಲೂಯಿಡ್ ಘಟಕವನ್ನು ಒಂದೇ ತರಂಗ ಫಲನದಿಂದ ವರ್ಣಿಸಬಹುದು. ಆ ಫಲನದ ಫೇಸ್ (ಅಲೆ ತನ್ನ ಆವರ್ತದ ಯಾವ ಹಂತದಲ್ಲಿದೆ ಎಂಬುದನ್ನು ಹೇಳುವ ಕೋನ) ಒಂದೆಡೆಯಿಂದ ಇನ್ನೊಂದೆಡೆಗೆ ಎಷ್ಟು ಬೇಗ ಬದಲಾಗುತ್ತದೆ ಎಂಬುದೇ ದ್ರವದ ವೇಗ. ದ್ರವದೊಳಗೆ ಒಂದು ಮುಚ್ಚಿದ ದಾರಿಯನ್ನು ಸುತ್ತಿ ಹೊರಟ ಜಾಗಕ್ಕೆ ಮರಳಿದಾಗ ತರಂಗ ಫಲನ ಮೊದಲಿನ ಬೆಲೆಯನ್ನೇ ಪಡೆಯಬೇಕಾದ್ದರಿಂದ, ಫೇಸ್‌ನಲ್ಲಾದ ಬದಲಾವಣೆ 360 ಡಿಗ್ರಿಗಳ ಪೂರ್ಣಾಂಕ ಗುಣಕವಾಗಿರಲೇಬೇಕು. ಪರಿಣಾಮವಾಗಿ, ಸುಳಿಯ ಸುತ್ತಲಿನ ಪರಿಚಲನೆ (ಸುತ್ತುದಾರಿಯ ಉದ್ದವನ್ನು ಆ ದಾರಿಗುಂಟ ಇರುವ ವೇಗದಿಂದ ಗುಣಿಸಿದ ಬೆಲೆ), ಪ್ಲಾಂಕ್ ಸ್ಥಿರಾಂಕವನ್ನು ಹೀಲಿಯಂ ಪರಮಾಣುವಿನ ದ್ರವ್ಯರಾಶಿಯಿಂದ ಭಾಗಿಸಿದರೆ ಬರುವ ಬೆಲೆಯ ಪೂರ್ಣಾಂಕ ಪಟ್ಟು ಮಾತ್ರ ಆಗಿರಬಲ್ಲದು. ಆ ಬೆಲೆ ಸೆಕೆಂಡಿಗೆ ಸುಮಾರು 0.1 ಚದರ ಮಿಲಿಮೀಟರ್. ಲಾರ್ಸ್ ಒನ್ಸಾಗರ್ 1949ರಲ್ಲಿ ಒಂದು ಸಮ್ಮೇಳನದ ಚರ್ಚೆಯಲ್ಲಿ ಇದನ್ನು ತೀರ ಚುಟುಕಾಗಿ ಹೇಳಿಬಿಟ್ಟರು; ರಿಚರ್ಡ್ ಫೈನ್‌ಮನ್ 1955ರಲ್ಲಿ ಇದೇ ವಿಚಾರವನ್ನು ವಿಸ್ತರಿಸಿ, ಸುಳಿಗಳು ದ್ರವದೊಳಗೆ ಎಳೆಗಳಂತೆ ಚಾಚಿಕೊಂಡಿರುತ್ತವೆ, ಅವು ಗೋಜಲಾಗಿ ಹೆಣೆದುಕೊಂಡರೆ ಅದೇ ಸೂಪರ್‌ಫ್ಲೂಯಿಡ್‌ನ ಪ್ರಕ್ಷುಬ್ಧತೆ ಎಂಬ ಚಿತ್ರವನ್ನು ಕೊಟ್ಟರು. ಕೇಂಬ್ರಿಜ್‌ನ ಜೋ ವೈನನ್ ಹೀಲಿಯಂನಲ್ಲಿ ಬಿಗಿದ ತಂತಿಯನ್ನು ಕಂಪಿಸಿ, ತಂತಿಯ ಸುತ್ತ ಸಿಕ್ಕಿಕೊಂಡ ಸುಳಿಯಿಂದ ಕಂಪನದ ತಲ ನಿಧಾನವಾಗಿ ತಿರುಗುವುದನ್ನು ಅಳೆದು, 1961ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಆ ಒಂದು ಕ್ವಾಂಟಂ ಪರಿಚಲನೆಯನ್ನು ಪ್ರಯೋಗದಿಂದ ಸ್ಥಾಪಿಸಿದರು.

ಇಲ್ಲಿ ಅಂಕಿಗಳನ್ನು ಒಮ್ಮೆ ಕೈಯಾರೆ ಲೆಕ್ಕ ಹಾಕಿ ನೋಡುವುದು ಉಪಯುಕ್ತ. ಒಂದು ಕ್ವಾಂಟಂ ಸುಳಿಯಿಂದ 1 ಮಿಲಿಮೀಟರ್ ದೂರದಲ್ಲಿ ದ್ರವದ ವೇಗ ಸೆಕೆಂಡಿಗೆ ಕೇವಲ 0.016 ಮಿಲಿಮೀಟರ್, 1 ಮೈಕ್ರಾನ್ ದೂರದಲ್ಲಿ 1.6 ಸೆಂಟಿಮೀಟರ್, 1 ಆಂಗ್‌ಸ್ಟ್ರಮ್ ದೂರದಲ್ಲಿ ಸುಮಾರು 160 ಮೀಟರ್. ಹೀಲಿಯಂನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 240 ಮೀಟರ್ ಎಂಬುದನ್ನು ನೆನಪಿಟ್ಟರೆ, ಸುಳಿಯ ತಿರುಳು ಏಕೆ ಒಂದು ಆಂಗ್‌ಸ್ಟ್ರಮ್ ಆಸುಪಾಸಿನಲ್ಲಿದೆಯೆಂದು ಊಹಿಸಬಹುದು: ಅದಕ್ಕಿಂತ ಒಳಗೆ ದ್ರವ ಅಷ್ಟು ವೇಗದಲ್ಲಿ ಸುತ್ತುವ ಬದಲು ಆ ಜಾಗವನ್ನೇ ತೆರವು ಮಾಡುತ್ತದೆ. ನೀರಿನ ಸುಳಿ ಹಿಗ್ಗಬಹುದು, ಕುಗ್ಗಬಹುದು, ಸ್ನಿಗ್ಧತೆಯಿಂದ ಹರಡಿ ಸೊರಗಬಹುದು. ಹೀಲಿಯಂನ ಸುಳಿಗೆ ಆ ಯಾವ ಸ್ವಾತಂತ್ರ್ಯವೂ ಇಲ್ಲ. ಅದರ ಬಲ ನಿಗದಿ, ತಿರುಳು ನಿಗದಿ, ಅದು ದ್ರವದ ಮಧ್ಯೆ ಕೊನೆಗೊಳ್ಳಲೂ ಆಗದು. ಅದು ಗೋಡೆಯನ್ನೋ ಮೇಲ್ಮೈಯನ್ನೋ ಮುಟ್ಟಬೇಕು, ಇಲ್ಲವೇ ಉಂಗುರವಾಗಿ ತನ್ನನ್ನೇ ಸೇರಬೇಕು.

ಇಷ್ಟು ಕಟ್ಟುನಿಟ್ಟಾದ ಸುಳಿಗಳಿರುವ ದ್ರವವನ್ನು ಒಂದು ಪಾತ್ರೆಯಲ್ಲಿಟ್ಟು ತಿರುಗಿಸಿದರೆ ಏನಾಗುತ್ತದೆ? ಸೂಪರ್‌ಫ್ಲೂಯಿಡ್ ಘಟಕ ತಿರುಗದೆ ನಿಂತುಬಿಡಬೇಕೆಂದು ತರ್ಕ ಹೇಳುತ್ತದೆ. ಆದರೆ 1950ರಲ್ಲಿ ಒಸ್ಬೋರ್ನ್ ನೋಡಿದಾಗ ತಿರುಗುವ ಹೀಲಿಯಂನ ಮೇಲ್ಮೈ ನೀರಿನಂತೆಯೇ ಬೋಗುಣಿಯ ಆಕಾರಕ್ಕೆ ಬಾಗಿತ್ತು. ಕಾರಣವನ್ನು ಫೈನ್‌ಮನ್ ಅವರ ಲೆಕ್ಕ ತಿಳಿಸಿತು: ಸೆಕೆಂಡಿಗೆ ಒಂದು ರೇಡಿಯನ್ ವೇಗದಲ್ಲಿ ತಿರುಗುವ ಪಾತ್ರೆಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2000 ಸುಳಿಗಳು ಸಾಲುಗಟ್ಟಿ ನಿಂತು, ಒಟ್ಟಾರೆಯಾಗಿ ಘನವಸ್ತುವಿನ ತಿರುಗುವಿಕೆಯನ್ನೇ ಅನುಕರಿಸುತ್ತವೆ. ಬಿಡಿ ಸುಳಿಯ ಮಟ್ಟದಲ್ಲಿ ನೋಡಿದರೆ ಈ ದ್ರವ ನೀರಿಗೆ ಎಳ್ಳಷ್ಟೂ ಹೋಲುವುದಿಲ್ಲ. ಸಾವಿರಾರು ಸುಳಿಗಳನ್ನು ಒಟ್ಟಿಗೆ, ದೂರದಿಂದ ನೋಡಿದರೆ ನೀರಿಗೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ನನ್ನ ದೃಷ್ಟಿಯಲ್ಲಿ ಕ್ವಾಂಟಂ ಪ್ರಕ್ಷುಬ್ಧತೆಯ ಬಹುಪಾಲು ಪ್ರಯೋಗಗಳು ಈ ಎರಡು ಮಟ್ಟಗಳ ನಡುವಿನ ಗಡಿ ಎಲ್ಲಿದೆ ಎಂಬುದನ್ನು ಹುಡುಕುವ ಪ್ರಯತ್ನಗಳೇ. ಎರಡು ಸುಳಿಗಳ ನಡುವಿನ ಸರಾಸರಿ ಅಂತರವೇ ಆ ಗಡಿಯ ಅಳತೆಗೋಲು.

ಈಗ ನಿಮ್ಮ ಮೊದಲ ಪ್ರಶ್ನೆ. ರೆನಾಲ್ಡ್ಸ್ ಸಂಖ್ಯೆಯ ಛೇದದಲ್ಲಿ ಬರುವ ಚಲನ ಸ್ನಿಗ್ಧತೆಗೂ ಪರಿಚಲನೆಯ ಕ್ವಾಂಟಂಗೂ ಆಯಾಮ ಒಂದೇ. ಆದ್ದರಿಂದ ವೇಗವನ್ನು ಉದ್ದದಿಂದ ಗುಣಿಸಿ, ಪರಿಚಲನೆಯ ಕ್ವಾಂಟಂನಿಂದ ಭಾಗಿಸಿದರೆ ಇನ್ನೊಂದು ಆಯಾಮರಹಿತ ಸಂಖ್ಯೆ ದೊರೆಯುತ್ತದೆ. ಅದು ಒಂದಕ್ಕಿಂತ ಬಹಳ ಹೆಚ್ಚಿದ್ದರೆ ಸುಳಿಗಳು ಹುಟ್ಟಿ ಉಳಿಯಲು ಅವಕಾಶವಿದೆಯೆಂದು ಅರ್ಥ. ಆದರೆ ಅವಕಾಶವಿದ್ದರೆ ಸಾಲದು, ಬೀಜವೂ ಬೇಕು. ಲಾಂಡೌ ಅವರ ಸಿದ್ಧಾಂತದ ಪ್ರಕಾರ ಸುಳಿಗಳ ನೆರವಿಲ್ಲದೆ ಸೂಪರ್‌ಫ್ಲೂಯಿಡ್ ಹರಿವು ಕೆಡಬೇಕಾದರೆ ಸೆಕೆಂಡಿಗೆ ಸುಮಾರು 60 ಮೀಟರ್ ವೇಗ ಬೇಕು. ಪ್ರಯೋಗಗಳಲ್ಲಾದರೋ ಸೆಕೆಂಡಿಗೆ ಕೆಲವು ಮಿಲಿಮೀಟರ್ ಅಥವಾ ಸೆಂಟಿಮೀಟರ್ ವೇಗಕ್ಕೇ ಹರಿವು ಕೆಡುತ್ತದೆ. ಲಾಂಬ್ಡಾ ಬಿಂದುವನ್ನು ದಾಟಿ ತಣ್ಣಗಾಗುವಾಗಲೇ ಕೆಲವು ಸುಳಿ ಎಳೆಗಳು ಪಾತ್ರೆಯ ಗೋಡೆಯ ಉಬ್ಬುತಗ್ಗುಗಳಿಗೆ ಸಿಕ್ಕಿಕೊಂಡು ಉಳಿದಿರುತ್ತವೆ, ಹರಿವು ಅವುಗಳನ್ನು ಹಿಗ್ಗಿಸಿ ಬೆಳೆಸುತ್ತದೆ ಎಂಬುದು ಇದಕ್ಕೆ ಈಗ ಎಲ್ಲರೂ ಒಪ್ಪುವ ವಿವರಣೆ. ಅಂಥ ಸುಳಿಗಳ ಪ್ರಭಾವಕ್ಕೆ ಸಿಗದ ಅತಿ ಸಣ್ಣ ವಸ್ತುವನ್ನು, ಎಂದರೆ ಒತ್ತಡಕ್ಕೆ ಒಳಪಡಿಸಿದ ಹೀಲಿಯಂನಲ್ಲಿ ಒಂದು ವಿದ್ಯುದಂಶವನ್ನು ಓಡಿಸಿ, 1970ರ ದಶಕದಲ್ಲಿ ಲ್ಯಾಂಕಾಸ್ಟರ್‌ನ ಪ್ರಯೋಗಕಾರರು ಲಾಂಡೌ ಹೇಳಿದ ಮಿತಿಯನ್ನೇ ತಲುಪಿ ತೋರಿಸಿದ್ದಾರೆ.

ಇದಕ್ಕಿಂತಲೂ ಬೆರಗಿನ ಉತ್ತರ ಹೀಲಿಯಂನ ಇನ್ನೊಂದು ಐಸೊಟೋಪಿನಿಂದ ಬಂದಿದೆ. ಹೀಲಿಯಂ-3 ಸೂಪರ್‌ಫ್ಲೂಯಿಡ್ ಆಗುವುದು ಕೆಲವೇ ಮಿಲಿಕೆಲ್ವಿನ್‌ಗಳಲ್ಲಿ. ಅದರ ಸಾಮಾನ್ಯ ಘಟಕ ಎಷ್ಟು ಸ್ನಿಗ್ಧವೆಂದರೆ ಪಾತ್ರೆಯೊಂದಿಗೇ ಅಂಟಿಕೊಂಡು ನಿಂತಿರುತ್ತದೆ. 2003ರಲ್ಲಿ ಹೆಲ್ಸಿಂಕಿಯ ತಂಡ ತಿರುಗುವ ಹೀಲಿಯಂ-3ರೊಳಗೆ ಕೆಲವು ಸುಳಿಗಳನ್ನು ಬಿಟ್ಟು ನೋಡಿತು. ಒಂದು ನಿರ್ದಿಷ್ಟ ತಾಪಮಾನಕ್ಕಿಂತ ಮೇಲೆ ಸುಳಿಗಳು ಸದ್ದಿಲ್ಲದೆ ತಮ್ಮ ಜಾಗ ಹಿಡಿದವು. ಅದಕ್ಕಿಂತ ಕೆಳಗೆ ಅವೇ ಕೆಲವು ಸುಳಿಗಳು ಪ್ರಕ್ಷುಬ್ಧತೆಯನ್ನು ಎಬ್ಬಿಸಿದವು. ವೇಗವನ್ನು ಹೆಚ್ಚಿಸಿದರೂ ತಗ್ಗಿಸಿದರೂ ಆ ಗಡಿ ಕದಲಲಿಲ್ಲ. ಸುಳಿ ಎಳೆಗೂ ಸಾಮಾನ್ಯ ಘಟಕಕ್ಕೂ ನಡುವಿನ ಪರಸ್ಪರ ಘರ್ಷಣೆಯ ಬಲವನ್ನು ನಿರ್ಧರಿಸುವುದು ತಾಪಮಾನ. ಇಲ್ಲಿ ರೆನಾಲ್ಡ್ಸ್ ಸಂಖ್ಯೆಯ ಕೆಲಸವನ್ನು ಆ ಘರ್ಷಣೆಯ ಗುಣಾಂಕಗಳೇ ಮಾಡುತ್ತವೆ. ಹರಿವಿನ ವೇಗಕ್ಕೆ ಸೊಪ್ಪು ಹಾಕದ ಇಂಥ ರೆನಾಲ್ಡ್ಸ್ ಸಂಖ್ಯೆ ಸಾಧಾರಣ ದ್ರವಗಳಲ್ಲಿ ಇಲ್ಲ.

ಎರಡನೆಯ ಪ್ರಶ್ನೆ, ಶಕ್ತಿ ಎಲ್ಲಿಗೆ ಹೋಗುತ್ತದೆ ಎಂಬುದು. ಸಾಧಾರಣ ದ್ರವದ ಪ್ರಕ್ಷುಬ್ಧತೆಯಲ್ಲಿ ದೊಡ್ಡ ಸುಳಿಗಳು ಚಿಕ್ಕ ಸುಳಿಗಳಿಗೆ ಶಕ್ತಿಯನ್ನು ದಾಟಿಸುತ್ತಾ ಹೋಗುತ್ತವೆ, ಆ ನಡುವಣ ಮಜಲುಗಳಲ್ಲಿ ಶಕ್ತಿಯ ರೋಹಿತ (ಯಾವ ಗಾತ್ರದ ಸುಳಿಗಳಲ್ಲಿ ಎಷ್ಟು ಶಕ್ತಿ ಎಂಬ ಲೆಕ್ಕ) ತರಂಗಸಂಖ್ಯೆಯ (ಸುಳಿ ಚಿಕ್ಕದಾದಷ್ಟೂ ಹೆಚ್ಚುವ ಸಂಖ್ಯೆಯ) ಮೈನಸ್ 5/3 ಘಾತದಂತೆ ಇಳಿಯುತ್ತದೆ ಎಂಬುದು 1941ರ ಕೋಲ್ಮೊಗೊರೊವ್ ಸಿದ್ಧಾಂತದ ಸಾರ. 1998ರಲ್ಲಿ ಪ್ಯಾರಿಸ್‌ನ ಮೋರೇ ಮತ್ತು ತಾಬೆಲಿಂಗ್, ವಿರುದ್ಧ ದಿಕ್ಕಿನಲ್ಲಿ ತಿರುಗುವ ಎರಡು ಬಿಲ್ಲೆಗಳ ನಡುವೆ ಹೀಲಿಯಂ ಅನ್ನು ಕಲಕಿ, ಲಾಂಬ್ಡಾ ಬಿಂದುವಿನ ಮೇಲಿನಿಂದ 1.4 ಕೆಲ್ವಿನ್‌ವರೆಗೆ ಇಳಿಸುತ್ತಾ ಅಳೆದರು. ರೋಹಿತ ಎರಡೂ ಕಡೆ ಅದೇ 5/3 ನಿಯಮವನ್ನು ಪಾಲಿಸಿತು. ಮರುವರ್ಷ ಅಮೆರಿಕದ ಆರೆಗನ್‌ನಲ್ಲಿ ಸ್ಟಾಲ್ಪ್, ಸ್ಕ್ರ್‌ಬೆಕ್ ಮತ್ತು ಡೊನೆಲಿ ಒಂದು ಜಾಲರಿಯನ್ನು ಹೀಲಿಯಂನೊಳಗೆ ಎಳೆದು, ಎದ್ದ ಸುಳಿಗಳು ಅಡಗುವ ವೇಗವೂ ಸಾಧಾರಣ ದ್ರವದ ಲೆಕ್ಕಕ್ಕೆ ಹೊಂದುತ್ತದೆಂದು ಕಂಡರು. ದೊಡ್ಡ ಅಳತೆಗಳಲ್ಲಿ ಸುಳಿ ಎಳೆಗಳು ಭಾಗಶಃ ಕಟ್ಟುಕಟ್ಟಾಗಿ ಒಂದೇ ದಿಕ್ಕಿಗೆ ಮುಖ ಮಾಡಿ ದೊಡ್ಡ ಸುಳಿಯನ್ನು ನಟಿಸುತ್ತವೆ. ಪರಸ್ಪರ ಘರ್ಷಣೆ ಎರಡೂ ಘಟಕಗಳನ್ನು ಜೊತೆಗೇ ಕೊಂಡೊಯ್ಯುತ್ತದೆ. ಕೊನೆಯಲ್ಲಿ ಸಾಮಾನ್ಯ ಘಟಕದ ಸ್ನಿಗ್ಧತೆ ಮತ್ತು ಅದೇ ಘರ್ಷಣೆ ಸೇರಿ ಶಕ್ತಿಯನ್ನು ಶಾಖವಾಗಿಸುತ್ತವೆ. 1 ಕೆಲ್ವಿನ್‌ಗಿಂತ ಮೇಲೆ ಉತ್ತರ ಇಲ್ಲಿಗೆ ಮುಗಿಯುತ್ತದೆ.

ಅದಕ್ಕಿಂತ ಬಹಳ ಕೆಳಗೆ, ಸಾಮಾನ್ಯ ಘಟಕ ಲೆಕ್ಕಕ್ಕೇ ಬಾರದಲ್ಲಿ, ನಿಮ್ಮ ಸಂಶಯ ಪೂರ್ಣ ಬಲದಿಂದ ಮರಳುತ್ತದೆ. ಆದರೂ ಲ್ಯಾಂಕಾಸ್ಟರ್ ಮತ್ತು ಮ್ಯಾಂಚೆಸ್ಟರ್‌ನ ಪ್ರಯೋಗಗಳಲ್ಲಿ 0.1 ಕೆಲ್ವಿನ್ ಆಸುಪಾಸಿನಲ್ಲಿಯೂ ಸುಳಿಗಳು ಅಡಗಿದವು. ತಾಪಮಾನವನ್ನು ಇನ್ನಷ್ಟು ಇಳಿಸಿದರೂ ಅಡಗುವ ವೇಗ ಬದಲಾಗಲಿಲ್ಲ. ಹಾಗಾದರೆ ಶಾಖಕ್ಕೆ ಸಂಬಂಧಿಸದ ಒಂದು ದಾರಿ ಇರಲೇಬೇಕು. ಎರಡು ಸುಳಿ ಎಳೆಗಳು ಹತ್ತಿರ ಬಂದಾಗ ಕತ್ತರಿಸಿಕೊಂಡು, ತುದಿಗಳನ್ನು ಅದಲುಬದಲು ಮಾಡಿ ಮತ್ತೆ ಜೋಡಿಕೊಳ್ಳುತ್ತವೆ. ಸ್ನಿಗ್ಧತೆಯಿಲ್ಲದ ಶಾಸ್ತ್ರೀಯ ದ್ರವದಲ್ಲಿ ಇದಕ್ಕೆ ಅನುಮತಿಯಿಲ್ಲ. ಕ್ವಾಂಟಂ ದ್ರವದಲ್ಲಿ ಸುಳಿಯ ತಿರುಳಿನಲ್ಲಿ ಸಾಂದ್ರತೆಯೇ ಸೊನ್ನೆಯಾಗುವುದರಿಂದ ಇದು ಸಹಜವಾಗಿ ನಡೆಯುತ್ತದೆಂದು ಕಾಪ್ಲಿಕ್ ಮತ್ತು ಲೆವೀನ್ 1993ರಲ್ಲಿ, ಇಂಥ ದ್ರವದ ತರಂಗ ಫಲನವನ್ನು ವರ್ಣಿಸುವ ಗ್ರಾಸ್–ಪಿಟಾಯೆವ್‌ಸ್ಕಿ ಸಮೀಕರಣವನ್ನು ಕಂಪ್ಯೂಟರಿನಲ್ಲಿ ಬಿಡಿಸಿ ತೋರಿಸಿದರು. ಹೀಗೆ ಜೋಡಿಕೊಂಡ ಎಳೆಯಲ್ಲಿ ಚೂಪಾದ ಮೂಲೆ ಉಳಿಯುತ್ತದೆ. ಆ ಮೂಲೆ ಮೀಟಿದ ತಂಬೂರಿ ತಂತಿಯ ಕಂಪನದಂತೆ ಎಳೆಯುದ್ದಕ್ಕೂ ತಿರುಚು ಅಲೆಗಳಾಗಿ ಹರಡುತ್ತದೆ. ಇವನ್ನು ಕೆಲ್ವಿನ್ ಅಲೆಗಳೆನ್ನುತ್ತಾರೆ. ದೊಡ್ಡ ಕೆಲ್ವಿನ್ ಅಲೆಗಳು ಪರಸ್ಪರ ವರ್ತಿಸಿ ಇನ್ನೂ ಕಿರಿದಾದ ಅಲೆಗಳನ್ನು ಹುಟ್ಟಿಸುತ್ತಾ ಹೋಗಿ, ಕಂಪನ ಸಾಕಷ್ಟು ತೀವ್ರವಾದಾಗ ಎಳೆ ದ್ರವದೊಳಗೆ ಶಬ್ದವನ್ನು, ಅಂದರೆ ಫೋನಾನ್‌ಗಳನ್ನು, ಹೊರಸೂಸುತ್ತದೆ. ಶಕ್ತಿ ಹೊರಹೋಗುವ ಬಾಗಿಲು ಇದೇ. ಈ ಅಲೆಗಳ ರೋಹಿತದ ಘಾತಾಂಕ ಎಷ್ಟೆಂಬ ಬಗ್ಗೆ ಮಾತ್ರ 2010ರ ಆಸುಪಾಸಿನಲ್ಲಿ ಕೊಝಿಕ್–ಸ್ವಿಸ್ಟುನೊವ್ ಒಂದು ಕಡೆ, ಲ್ವೊವ್–ನಝರೆಂಕೊ ಇನ್ನೊಂದು ಕಡೆ ನಿಂತು ನಡೆಸಿದ ವಾದ ಸಾಕಷ್ಟು ಬಿಸಿಯಾಗಿತ್ತು. ಎರಡೂ ಪಕ್ಷಗಳ ಘಾತಾಂಕಗಳು ತೀರ ಹತ್ತಿರವಿರುವುದರಿಂದ, ಹೀಲಿಯಂನಲ್ಲಿ ಅಳತೆಯಿಂದಲೇ ತೀರ್ಪು ಕೊಡುವುದು ಬಹಳ ಕಷ್ಟದ ಕೆಲಸ.

ಕಣ್ಣಾರೆ ನೋಡುವ ಮಾತಿಗೆ ಬಂದರೆ, ಸ್ಥಿರವಾಗಿ ಸಾಲುಗಟ್ಟಿ ನಿಂತ ಸುಳಿಗಳ ಚಿತ್ರಗಳು 1979ರಲ್ಲಿ ಬರ್ಕ್ಲಿಯಿಂದ ಬಂದವು. ಯಾರ್ಮ್‌ಚುಕ್, ಗೋರ್ಡನ್ ಮತ್ತು ಪ್ಯಾಕರ್ಡ್ ಸುಳಿಗಳ ತಿರುಳಿನಲ್ಲಿ ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟು, ವಿದ್ಯುತ್ ಕ್ಷೇತ್ರದಿಂದ ಅವನ್ನು ಮೇಲಕ್ಕೆ ಎಳೆದು ಫಾಸ್ಫರ್ ಪರದೆಯ ಮೇಲೆ ಬೀಳಿಸಿದರು. ತಿರುಗುವ ಪಾತ್ರೆಯಲ್ಲಿ ಎಷ್ಟು ಸುಳಿಗಳೋ ಅಷ್ಟು ಚುಕ್ಕೆಗಳು. ಎಳೆಗಳನ್ನೇ ಉದ್ದಕ್ಕೆ ನೋಡಲು 2006ರವರೆಗೆ ಕಾಯಬೇಕಾಯಿತು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಗ್ರೆಗರಿ ಬ್ಯೂಲಿ, ಡೇನಿಯಲ್ ಲ್ಯಾಥ್ರಪ್ ಮತ್ತು ಕೆ.ಆರ್. ಶ್ರೀನಿವಾಸನ್, ಹೀಲಿಯಂ ಅನಿಲದಲ್ಲಿ ತೆಳುವಾಗಿ ಬೆರೆಸಿದ ಹೈಡ್ರೊಜನ್ ಅನ್ನು ದ್ರವ ಹೀಲಿಯಂನೊಳಗೆ ಊದಿ ಮೈಕ್ರಾನ್ ಗಾತ್ರದ ಮಂಜುಕಣಗಳನ್ನು ಮಾಡಿದರು. ಲಾಂಬ್ಡಾ ಬಿಂದುವಿನ ಕೆಳಗೆ ಇಳಿಯುತ್ತಿದ್ದಂತೆ ಚದುರಿದ್ದ ಕಣಗಳು ಸುಳಿಯ ತಿರುಳಿನತ್ತ ಸೆಳೆಯಲ್ಪಟ್ಟು ಸಾಲುಗಟ್ಟಿದವು, ಲೇಸರ್ ಬೆಳಕಿನಲ್ಲಿ ಎಳೆಗಳು ಬರಿಗಣ್ಣಿಗೆ ಕಾಣುವಂತಾದವು. ಶ್ರೀನಿವಾಸನ್ ಬೆಂಗಳೂರು ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪದವೀಧರರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದು, ರೊದ್ದಂ ನರಸಿಂಹ ಅವರೊಂದಿಗೆ ಪ್ರಕ್ಷುಬ್ಧ ಹರಿವು ಮತ್ತೆ ಶಾಂತ ಹರಿವಾಗುವ ಬಗೆಯನ್ನು ಕುರಿತು ಬರೆದ ಲೇಖನಗಳು ಈಗಲೂ ಓದಲ್ಪಡುತ್ತವೆ. ಸಾಧಾರಣ ದ್ರವಗಳಲ್ಲಿ ಇಷ್ಟು ಪಳಗಿದವರು ಹೀಲಿಯಂನತ್ತ ತಿರುಗಿದ್ದು ಈ ಕ್ಷೇತ್ರಕ್ಕೆ ಬಹಳ ಒಳ್ಳೆಯದಾಯಿತು ಎಂಬುದು ನನ್ನ ಅಭಿಪ್ರಾಯ.

ಅದೇ ತಂಡ 2008ರಲ್ಲಿ ಎಳೆಗಳು ಕತ್ತರಿಸಿ ಮರುಜೋಡಣೆಯಾಗುವುದನ್ನು ನೇರವಾಗಿ ಚಿತ್ರಿಸಿತು, 2014ರಲ್ಲಿ ಮರುಜೋಡಣೆಯ ಬಳಿಕ ಓಡುವ ಕೆಲ್ವಿನ್ ಅಲೆಗಳನ್ನೂ ತೋರಿಸಿತು. 2008ರ ಇನ್ನೊಂದು ಫಲಿತಾಂಶ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ನೀರಿನ ಪ್ರಕ್ಷುಬ್ಧತೆಯಲ್ಲಿ ಒಂದು ಬಿಂದುವಿನ ವೇಗಗಳ ಹಂಚಿಕೆ ಹೆಚ್ಚುಕಡಿಮೆ ಗಾಸಿಯನ್ ಗಂಟೆಯಾಕಾರದ್ದು. ಹೀಲಿಯಂನಲ್ಲಿ ತೇಲುವ ಕಣಗಳ ವೇಗಗಳಾದರೋ ವೇಗದ ಮೈನಸ್ 3 ಘಾತದಂತೆ ಇಳಿಯುವ ಉದ್ದನೆಯ ಬಾಲವನ್ನು ಹೊಂದಿದ್ದವು. ಸುಳಿಯ ಹತ್ತಿರ ವೇಗ ಏರುತ್ತಲೇ ಹೋಗುವುದರ ಗುರುತು ಅದು. ಬಳಿಕ ಪ್ರಾಗ್‌ನಲ್ಲಿ ಲಾ ಮಾಂಟಿಯಾ ಮತ್ತು ಸ್ಕ್ರ್‌ಬೆಕ್, ಕಣಗಳ ವೇಗವನ್ನು ಸುಳಿಗಳ ನಡುವಿನ ಅಂತರಕ್ಕಿಂತ ದೊಡ್ಡ ದೂರಗಳ ಮೇಲೆ ಸರಾಸರಿಯಾಗಿ ಅಳೆದಾಗ ಆ ಬಾಲ ಮಾಯವಾಗಿ ಗಾಸಿಯನ್ ಆಕಾರ ಮರಳುವುದನ್ನು ಕಂಡರು. ಒಂದೇ ದ್ರವ, ಒಂದೇ ಹರಿವು, ಅಳತೆಗೋಲಿನ ಉದ್ದ ಮಾತ್ರ ಬೇರೆ. ಮೇಲೆ ಹೇಳಿದ ಗಡಿ ಇದಕ್ಕಿಂತ ನಿಚ್ಚಳವಾಗಿ ಬೇರೆಲ್ಲಿಯೂ ಕಂಡಿಲ್ಲ.

ಹೀಲಿಯಂ ಹೊರತಾಗಿ, ಸತ್ಯೇಂದ್ರನಾಥ ಬೋಸ್ ಮತ್ತು ಐನ್‌ಸ್ಟೈನ್ ಅವರ ಹೆಸರು ಹೊತ್ತ ಘನೀಕೃತ ಪರಮಾಣು ಮೋಡಗಳಲ್ಲಿಯೂ ಈ ಕೆಲಸ ನಡೆದಿದೆ: 2009ರಲ್ಲಿ ಬ್ರೆಜಿಲ್‌ನ ಸಾವೊ ಕಾರ್ಲೋಸ್‌ನಲ್ಲಿ ರುಬಿಡಿಯಂ ಮೋಡವನ್ನು ಅಲುಗಿಸಿ ಸುಳಿಗಳ ಗೋಜಲನ್ನು ಎಬ್ಬಿಸಿದರು, 2016ರಲ್ಲಿ ಕೇಂಬ್ರಿಜ್‌ನಲ್ಲಿ ಪೆಟ್ಟಿಗೆಯಾಕಾರದ ಬಲೆಯಲ್ಲಿ ಶಕ್ತಿ ದೊಡ್ಡ ಅಳತೆಗಳಿಂದ ಚಿಕ್ಕ ಅಳತೆಗಳಿಗೆ ದಾಟುವುದನ್ನು ಅಳೆದರು. 2019ರಲ್ಲಿ ಆಸ್ಟ್ರೇಲಿಯಾದ ಎರಡು ತಂಡಗಳು, ಎರಡು ಆಯಾಮಗಳ ಸುಳಿಗಳು ತಮ್ಮ ದಿಕ್ಕಿಗೇ ಸುತ್ತುವ ಸುಳಿಗಳೊಂದಿಗೆ ಗುಂಪುಗೂಡುತ್ತವೆಂಬ ಒನ್ಸಾಗರ್ ಅವರ 1949ರ ಇನ್ನೊಂದು ಊಹೆಯನ್ನು ಪ್ರಯೋಗದಲ್ಲಿ ಕಂಡವು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಹುಲ್ ಪಂಡಿತ್ ಅವರ ಗುಂಪು ಇದೇ ಗ್ರಾಸ್–ಪಿಟಾಯೆವ್‌ಸ್ಕಿ ಸಮೀಕರಣದ ದೊಡ್ಡ ಗಣನೆಗಳನ್ನು ನಡೆಸಿದೆ. ನಿಮಗೆ ಈ ದಿಕ್ಕಿನಲ್ಲಿ ಆಸಕ್ತಿಯಿದ್ದರೆ ಮೊದಲು ಓದಬೇಕಾದವು ಆ ಲೇಖನಗಳು.

ನೀವು ಕೇಳದಿದ್ದರೂ ಉಪಯೋಗದ ಮಾತನ್ನು ಸೇರಿಸುತ್ತೇನೆ. ಜಿನೀವಾ ಬಳಿಯ 27 ಕಿಲೋಮೀಟರ್ ಸುತ್ತಳತೆಯ ಲಾರ್ಜ್ ಹ್ಯಾಡ್ರಾನ್ ಕೊಲೈಡರ್‌ನ ಕಾಂತಗಳನ್ನು 1.9 ಕೆಲ್ವಿನ್‌ನ ಸೂಪರ್‌ಫ್ಲೂಯಿಡ್ ಹೀಲಿಯಂನಲ್ಲಿ ಮುಳುಗಿಸಿಟ್ಟಿದ್ದಾರೆ. ಬಿಸಿಯಾದ ಜಾಗದಿಂದ ಸಾಮಾನ್ಯ ಘಟಕ ಎಂಟ್ರಪಿಯನ್ನು ಹೊತ್ತು ಹೊರಡುತ್ತದೆ, ಅದರ ಜಾಗಕ್ಕೆ ಸೂಪರ್‌ಫ್ಲೂಯಿಡ್ ಘಟಕ ಎದುರು ದಿಕ್ಕಿನಿಂದ ನುಗ್ಗುತ್ತದೆ. ಶಾಖ ಸಾಗಿಸುವುದರಲ್ಲಿ ತಾಮ್ರವೂ ಇದರ ಮುಂದೆ ನಿಲ್ಲದು. ಆದರೆ ಶಾಖದ ಹರಿವು ಒಂದು ಮಿತಿ ಮೀರಿದರೆ ಈ ಎದುರುಹರಿವೇ ಸುಳಿಗಳ ಗೋಜಲನ್ನು ಬೆಳೆಸುತ್ತದೆ, ಘರ್ಷಣೆ ಹೆಚ್ಚುತ್ತದೆ, ತಾಪಮಾನದ ಇಳಿಜಾರು ಶಾಖದ ಹರಿವಿನ ಘನಕ್ಕೆ ಅನುಪಾತವಾಗಿ ಏರುತ್ತದೆ. ಗಾರ್ಟರ್ ಮತ್ತು ಮೆಲಿಂಕ್ 1949ರಲ್ಲಿ ಗುರುತಿಸಿದ, ವೈನನ್ 1957ರಲ್ಲಿ ಸುಳಿಗಳ ಗೋಜಲಿನಿಂದ ವಿವರಿಸಿದ ಈ ಸಂಬಂಧವನ್ನು ಇಂಥ ಶೀತಕ ವ್ಯವಸ್ಥೆಯನ್ನು ವಿನ್ಯಾಸ ಮಾಡುವ ಎಂಜಿನಿಯರುಗಳು ಇಂದಿಗೂ ತಮ್ಮ ಲೆಕ್ಕದಲ್ಲಿ ಬಳಸುತ್ತಾರೆ.

ನಿಮ್ಮ ಮಟ್ಟಕ್ಕೆ ಹೊಂದುವ ಒಂದು ಅಭ್ಯಾಸ ಇದೆ. ಸಮತಲದಲ್ಲಿ ಕೆಲವು ಹತ್ತು ಬಿಂದು ಸುಳಿಗಳನ್ನಿಟ್ಟು, ಪ್ರತಿಯೊಂದೂ ಉಳಿದೆಲ್ಲವುಗಳ ವೇಗದಲ್ಲಿ ಚಲಿಸುವಂತೆ ಒಂದು ಸಣ್ಣ ಪ್ರೋಗ್ರಾಂ ಬರೆಯಿರಿ. ಮಾಮೂಲಿ ಲ್ಯಾಪ್‌ಟಾಪ್ ಸಾಕು. ಮೊದಲು ಎಲ್ಲಕ್ಕೂ ಒಂದೇ ದಿಕ್ಕಿನ ಪರಿಚಲನೆ ಕೊಡಿ, ಆಮೇಲೆ ಅರ್ಧಕ್ಕೆ ವಿರುದ್ಧ ದಿಕ್ಕಿನದು ಕೊಟ್ಟು ನೋಡಿ. ಸುಳಿಗಳ ನಡುವಿನ ಅಂತರಕ್ಕಿಂತ ದೊಡ್ಡ ಚೌಕಗಳಲ್ಲಿ ಒಮ್ಮೆ, ಚಿಕ್ಕ ಚೌಕಗಳಲ್ಲಿ ಒಮ್ಮೆ ವೇಗದ ಹಂಚಿಕೆಯನ್ನು ಎಣಿಸಿದರೆ, ಮೇರಿಲ್ಯಾಂಡ್ ಮತ್ತು ಪ್ರಾಗ್‌ನ ಫಲಿತಾಂಶಗಳ ನಡುವಿನ ವ್ಯತ್ಯಾಸದ ಮೂಲ ನಿಮ್ಮ ಪರದೆಯ ಮೇಲೆಯೇ ಸಿಗುತ್ತದೆ.